ಎಡಗೈಗೆಂದು ಹುಟ್ಟಿದ ಬ್ಯಾಂಜೊ

ನಾನು ಒಂದು ಬ್ಯಾಂಜೊ. ಮದುವೆಯ ಮೆರವಣಿಗೆಯಲ್ಲಿ ಗುಂಡಿ ಒತ್ತಿ ನುಡಿಸುವ ಪೆಟ್ಟಿಗೆಯಂಥ ಬ್ಯಾಂಜೊ ನಿಮ್ಮ ಕಣ್ಣ ಮುಂದೆ ಬಂದಿದ್ದರೆ ದಯವಿಟ್ಟು ಅದನ್ನು ಪಕ್ಕಕ್ಕಿಡಿ. ಅದು ಬೇರೆ ಕುಲ. ನನ್ನದು ಗುಂಡನೆಯ ಮುಖ, ಉದ್ದನೆಯ ಕುತ್ತಿಗೆ. ಮುಖಕ್ಕೆ ಮೇಕೆಯ ತೊಗಲು. ನನಗೆ ಐದು ತಂತಿಗಳು. ನಾಲ್ಕು ತಂತಿಗಳು ಕುತ್ತಿಗೆಯ ತುದಿಯವರೆಗೆ ಹೋಗುತ್ತವೆ. ಐದನೆಯದು ಗಿಡ್ಡ. ಅದು ಅರ್ಧ ದಾರಿಯಲ್ಲೇ ನಿಂತು, ಕುತ್ತಿಗೆಯ ಪಕ್ಕದಲ್ಲಿ ಚುಚ್ಚಿದ ಒಂಟಿ ಬಿರಡೆಗೆ ಸುತ್ತಿಕೊಳ್ಳುತ್ತದೆ. ಆ ಬಿರಡೆ ಯಾವ ಪಕ್ಕದಲ್ಲಿರಬೇಕು ಎನ್ನುವುದರ ಮೇಲೆ ನನ್ನ ಬದುಕೆಲ್ಲ ನಿಂತಿತು.

ನನ್ನನ್ನು ಹುಟ್ಟಿಸಿದವನು ಬೆಂಜಮಿನ್ ಮಿಸ್ತ್ರಿ. ಗದಗಿನ ಕಡೆಯ ಒಂದು ನೇಕಾರರ ಊರಿನಲ್ಲಿ, ಚರ್ಚಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಮಗ್ಗಕ್ಕೆ ಲಾಳಿ ಕೆತ್ತುವುದು, ಸಡಿಲಾದ ಮಗ್ಗ ಕೂಡಿಸುವುದು ಅವನ ಕಸುಬು. ಪ್ರಾಯದಲ್ಲಿ ಅವನು ಅಮೆರಿಕದ ಬೆಟ್ಟಸೀಮೆಯಿಂದ ಬಂದಿದ್ದ ಒಬ್ಬ ಪಾದ್ರಿಯಿಂದ ಬ್ಯಾಂಜೊ ಕಲಿತಿದ್ದ. ಪಾದ್ರಿ ತನ್ನ ದೇಶಕ್ಕೆ ಮರಳುವಾಗ ತನ್ನ ವಾದ್ಯವನ್ನು ಶಿಷ್ಯನಿಗೇ ಬಿಟ್ಟು ಹೋದ. ಅದು ಹಳೆಯ ಕಾಲದ ಹಳ್ಳಿಯ ಬಾರಿಸುವಿಕೆ. ಬೆರಳನ್ನು ಕೊಕ್ಕೆಯ ಹಾಗೆ ಬಾಗಿಸಿ, ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಕ್ಕೆ ಬಡಿಯಬೇಕು. ಬಡಿದ ಕೈ ಮೇಲೇಳುವಾಗ ಹೆಬ್ಬೆರಳು ಆ ಗಿಡ್ಡ ತಂತಿಯನ್ನು ಮೀಟಬೇಕು. "ಮಿಸ್ತ್ರಿ ಬಾರ್ಸೂದಂದ್ರ ಕೋಳಿ ತಿಪ್ಪಿ ಕೆದರಿದಂಗ" ಎಂದು ಊರವರು ನಗುತ್ತಿದ್ದರು. ಆದರೆ ಚರ್ಚಿನಲ್ಲಿ ಅವನು ಕೀರ್ತನೆಗೆ ಬಾರಿಸತೊಡಗಿದರೆ ಅದೇ ಊರವರ ಕಾಲುಗಳು ಬೆಂಚಿನ ಕೆಳಗೆ ಸುಮ್ಮನಿರುತ್ತಿರಲಿಲ್ಲ.

ನನ್ನನ್ನು ಬೇಡಿದವಳು ತಬಿತಾ. ಅವಳು ಹೆಣ್ಣುಮಕ್ಕಳ ಹಾಸ್ಟೆಲಿನ ಅಡಿಗೆಯವಳು, ನಲವತ್ತು ದಾಟಿದವಳು, ಹಿಂದೆ ಮುಂದೆ ಯಾರೂ ಇಲ್ಲದವಳು. ಅವಳು ಎಡಚಿ. ರೊಟ್ಟಿ ಬಡಿಯುವುದು, ಬೇಳೆ ತಿರುವುವುದು, ಒಲೆಗೆ ಸೌದೆ ಒಟ್ಟುವುದು ಎಲ್ಲ ಎಡಗೈ. ಅವಳು ಅಡಿಗೆ ಮಾಡಬಹುದಿತ್ತು, ಬಡಿಸುವ ಹಾಗಿರಲಿಲ್ಲ. ಎಡಗೈಯವಳು ಸೌಟು ಹಿಡಿದು ಪಂಕ್ತಿಗೆ ಬಂದರೆ ಉಂಬುವವರಿಗೆ ಸರಿಬರುವುದಿಲ್ಲ ಎಂದು ಬಡಿಸಲು ಬೇರೊಬ್ಬಳನ್ನು ಇಟ್ಟಿದ್ದರು. ತಬಿತಾ ಎಷ್ಟೋ ವರ್ಷ ಅಡಿಗೆಮನೆಯ ಬಾಗಿಲ ಹಿಂದೆ ನಿಂತು, ತಾನು ಮಾಡಿದ್ದನ್ನು ಬೇರೆಯವರು ಕೊಡುವುದನ್ನು ನೋಡಿದಳು. ಒಂದು ಸಲವಾದರೂ ಎಲ್ಲರ ಎದುರು ಕೂತು, ತನ್ನ ಕೈಯಿಂದಲೇ ಏನಾದರೂ ಕೊಡಬೇಕು ಎನ್ನುವುದು ಅವಳ ಆಸೆ. ಕೀರ್ತನೆಗೆ ಬ್ಯಾಂಜೊ ಬಾರಿಸಬೇಕು ಎಂದು ಅವಳ ತಲೆಗೆ ಬಂದದ್ದು ಹಾಗೆ.

"ಕಾಕಾ, ನಂಗ ಕಲಸ್ತೀರೇನ್ರಿ?" ಎಂದು ಅವಳು ಒಂದು ದಿನ ಅಂಗಡಿಗೆ ಬಂದು ಕೇಳಿದಳಂತೆ.

"ನೀ ಎಡಚಿ ಅದೀಯಲ್ಲವ್ವಾ."

"ಎಡಚಿ ಅದೀನ್ರಿ. ಕಿವುಡಿ ಅಲ್ಲಲ್ಲ."

ಮಿಸ್ತ್ರಿ ನಕ್ಕು ತನ್ನ ಬ್ಯಾಂಜೊವನ್ನೇ ಅವಳ ಕೈಗೆ ಕೊಟ್ಟ. ಹೊಸದಾಗಿ ಕಲಿಯುವಾಗ ಎರಡೂ ಕೈ ದಡ್ಡವೇ, ಎಲ್ಲರ ಹಾಗೆ ಬಲಗೈಯಿಂದ ಸುರು ಮಾಡಿದರೆ ರೂಢಿಯಾಗುತ್ತದೆ ಎಂದು ಅವನ ಲೆಕ್ಕ. ಅವಳು ತಾಳ್ಮೆಯಿಂದ ದುಡಿದಳು. ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ತಂತಿಯ ಮೇಲೆ ಬೀಳುತ್ತಿತ್ತು. ಕೊನೆಗೆ ಮಿಸ್ತ್ರಿ, "ತಂತಿ ತಿರುವಿ ಹಾಕಿದ್ರ ಆತು ಬಿಡು" ಎಂದು ತಂತಿಗಳನ್ನು ಅದಲು ಬದಲು ಮಾಡಿ ವಾದ್ಯವನ್ನು ಮಗುಚಿ ಕೊಟ್ಟ. ಮಗುಚಿದಾಗ ಆ ಒಂಟಿ ಬಿರಡೆ ನೆಲದ ಕಡೆಗೆ ಮುಖ ಮಾಡಿತು. ಹೆಬ್ಬೆರಳು ಮೇಲಿನಿಂದ ಇಳಿದು ಬಂದರೆ ಅಲ್ಲಿ ಗಿಡ್ಡ ತಂತಿಯೇ ಇಲ್ಲ. ಕೆಳಗೆ ಕುತ್ತಿಗೆ ಹಿಡಿದ ಅಂಗೈಗೆ ಬಿರಡೆ ಚುಚ್ಚುತ್ತಿತ್ತು.

"ಇದಕ್ಕ ಬ್ಯಾರೇನ ಹುಟ್ಟಬೇಕು" ಎಂದ ಮಿಸ್ತ್ರಿ. ಆಗ ಬಂದದ್ದು ನನ್ನ ಸರದಿ.

ತಬಿತಾಳ ತೀರಿಹೋದ ತಾಯಿ ನೇಯುವವಳಾಗಿದ್ದಳು. ಅವಳ ಮಗ್ಗ ಬಿಚ್ಚಿದ ಸ್ಥಿತಿಯಲ್ಲಿ ಹಾಸ್ಟೆಲಿನ ಕಟ್ಟಿಗೆಯ ಕೋಣೆಯಲ್ಲಿತ್ತು. ಅದರ ಸಾಗವಾನಿಯನ್ನು ತಬಿತಾ ತಲೆಯ ಮೇಲೆ ಹೊತ್ತು ತಂದಳು. ಮಿಸ್ತ್ರಿ ಅದರಿಂದ ಮಾದರಿಗೆಂದು ಬೇರೆ ಬೇರೆ ದಪ್ಪದ ಮೂರು ಗಿಡ್ಡ ಕುತ್ತಿಗೆಗಳನ್ನು ಕೆತ್ತಿ, "ಕಣ್ಣ ಮುಚ್ಚಿ ಹಿಡದ ನೋಡು. ಯಾವುದು ಹಿಡದಂಗ ಅನಸೂದಿಲ್ಲೋ ಅದು ನಿಂದು" ಎಂದ. ಅವಳು ತೆಳ್ಳಗಿನದನ್ನು ಆರಿಸಿದಳು. ನನ್ನ ಬೆನ್ನಿಗೆ ಹಲಗೆ ಮುಚ್ಚಲೇ ಎಂದು ಕೇಳಿದ; ತಾನೇ ಬೇಡವೆಂದ. ಮುಚ್ಚಿದರೆ ಸದ್ದು ಜೋರು, ಆದರೆ ಭಾರ. ಹೊಸಬರ ಹೆಗಲು ಮೊದಲು ಸೋಲುತ್ತದೆ, ಮನಸ್ಸು ಆಮೇಲೆ. ತಂತಿಯನ್ನೂ ತೆಳ್ಳಗಿನದೇ ಹಾಕಿದ. ಕೊನೆಗೆ ನನ್ನ ಕುತ್ತಿಗೆಯ ಪಕ್ಕದಲ್ಲಿ, ಪಾದ್ರಿಯ ಬ್ಯಾಂಜೊದಲ್ಲಿ ಇದ್ದದ್ದಕ್ಕೆ ಎದುರು ಬದಿಗೆ, ತೂತು ಕೊರೆದು ಬಿರಡೆ ಕೂಡಿಸಿದ.

"ಇದು ನಿನ್ನ ಕೈಗಷ್ಟ ತಂಗಿ. ಬ್ಯಾರೆಯವರ ಕೈಗೆ ಇದು ಒಗ್ಗೂದಿಲ್ಲ."

ಈ ಮಾತನ್ನು ನಾನು ನಂಬಿದೆ. ನಂಬದೆ ಏನು ಮಾಡಲಿ? ನನ್ನನ್ನು ಮಾಡಿದವನೇ ಹೇಳಿದ ಮಾತು.

ಅಡಿಗೆಮನೆಯ ಹಿಂದಿನ ಮೆಟ್ಟಿಲ ಮೇಲೆ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ, ಅವಳು ನನ್ನನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಕೈಗೆ ಜೋಳದ ಹಿಟ್ಟಿನ ವಾಸನೆ. ಮೊದಮೊದಲು ಅವಳ ಉಗುರು ಒಂದು ತಂತಿಗೆ ಹೋಗಿ ಇನ್ನೊಂದಕ್ಕೆ ಬೀಳುತ್ತಿತ್ತು. ಅವಳು ಬೈದುಕೊಳ್ಳಲಿಲ್ಲ, ನನ್ನನ್ನೂ ಬೈಯಲಿಲ್ಲ. ಮತ್ತೆ ಬಡಿದಳು. ಕೈ ಇಳಿಯುತ್ತಿತ್ತು, ಹೆಬ್ಬೆರಳು ಬರುತ್ತಿತ್ತು, ಗಿಡ್ಡ ತಂತಿ ತನ್ನ ಜಾಗದಲ್ಲಿ ಕಾಯುತ್ತಿತ್ತು. ಒಂದು ದಿನ ಎಲ್ಲ ಸೇರಿ ಒಂದೇ ಓಟವಾಯಿತು. ಕಿಟಕಿಯಲ್ಲಿ ಇಣುಕಿದ ಹಾಸ್ಟೆಲಿನ ಹುಡುಗಿಯರು ಕಿಸಕ್ಕೆಂದರು.

"ಅಕ್ಕಾರ, ಎಡಗೈಲೆ ಬಾರಿಸಿದ್ರ ದೇವ್ರು ಎಡಕಿವಿಲೆ ಕೇಳ್ತಾನೇನ್ರಿ?"

"ಕೇಳವಲ್ನ್ಯಾಕ. ಬಲಕಿವಿ ತುಂಬ ನಿಮ್ಮ ಗದ್ದಲಾನ ಐತಿ."

ಬರುವ ಸುಗ್ಗಿ ಹಬ್ಬದ ಆರಾಧನೆಯಲ್ಲಿ ತಬಿತಾ ಬಾರಿಸಬೇಕು ಎಂದು ಮಿಸ್ತ್ರಿಯೇ ಹೇಳಿದ. ಅವಳು ಸೀರೆಯ ಸೆರಗಿನಿಂದ ನನ್ನ ಮುಖ ಒರೆಸಿದಳು. ಅವತ್ತು ಅವಳು ಹಾಡಿಕೊಳ್ಳುತ್ತ ಒಲೆ ಹಚ್ಚಿದ್ದನ್ನು ನಾನು ಕೇಳಿದ್ದೇನೆ.

ಆ ಊರಿನ ಸುಗ್ಗಿ ಹಬ್ಬದ ರೀತಿಯನ್ನು ಇಲ್ಲಿ ಹೇಳಬೇಕು. ಬೆಳೆದವರು ಬೆಳೆದದ್ದನ್ನು, ನೇಯ್ದವರು ನೇಯ್ದದ್ದನ್ನು ಚರ್ಚಿಗೆ ತಂದು ಮುಂದಿನ ಮೇಜಿನ ಮೇಲೆ ಇಡುತ್ತಾರೆ. ಕುಂಬಳಕಾಯಿ, ಜೋಳದ ತೆನೆ, ಕಾಲು ಕಟ್ಟಿದ ಹುಂಜ, ಇಳಕಲ್ ಸೀರೆ, ಮನೆಯಲ್ಲಿ ಮಾಡಿದ ಕೇಕು. ಊರ ಚರ್ಚಿನ ಈಗಿನ ಪಾದ್ರಿಗಳು ಪ್ರಾರ್ಥನೆ ಮಾಡಿದ ಮೇಲೆ ಅಂಗಳದಲ್ಲಿ ಅವುಗಳ ಹರಾಜು. ಮೇಜಿನ ಮೇಲೆ ಇಟ್ಟದ್ದು ಇಟ್ಟವರದ್ದಲ್ಲ, ದೇವರದು. ಮನಸ್ಸು ಬದಲಿಸಿ ಹಿಂದೆ ಕೇಳುವ ಹಾಗಿಲ್ಲ. ಬೇಕಿದ್ದರೆ ಹರಾಜಿನಲ್ಲಿ ಕೂಗಿ ಬಿಡಿಸಿಕೊಳ್ಳಬೇಕು. ಒಂದು ವರ್ಷ ಯಾರೋ ಮರೆತು ಮೇಜಿನ ಮೇಲಿಟ್ಟ ಮಗುವಿನ ಟೋಪಿಯನ್ನು ಅದರ ಅಪ್ಪನೇ ನಗುತ್ತ ಕೂಗಿ ಕೊಂಡಿದ್ದನಂತೆ.

ಹಬ್ಬದ ಹಿಂದಿನ ವಾರ ನಾನು ಮಿಸ್ತ್ರಿಯ ಅಂಗಡಿಯಲ್ಲಿದ್ದೆ. ತೊಗಲು ಬಿಗಿಮಾಡಲು ತಬಿತಾ ಬಿಟ್ಟು ಹೋಗಿದ್ದಳು. ಚರ್ಚಿನ ಸಭೆಯ ಹಿರಿಯ ನಥಾನೇಲಪ್ಪ ಬಂದು ಸ್ಟೂಲಿನ ಮೇಲೆ ಕೂತ. ಒಳ್ಳೆಯ ಮಾತಿನ ಮನುಷ್ಯ. ಹರಾಜು ಕೂಗುವವನೂ ಅವನೇ.

"ಮಿಸ್ತ್ರಿ, ಕಾಣಿಕೆ ಯಾವ ಕೈಲೆ ಹಾಕ್ತೀಪಾ?"

"ಬಲಗೈಲೆ."

"ಮತ್ತ ಆ ಹೆಣ್ಮಗಳು ದೇವರ ಮುಂದ ಕುಂತು ಎಡಗೈಲೆ ಬಡಿಯೂದಂದ್ರ ಹೆಂಗ? ಹೊರಗಿಂದ ಮಂದಿ ಬರ್ತಾರ, ನಗ್ತಾರ. ನಿನ್ನ ವಿದ್ಯಾಕ್ಕ ಮರ್ಯಾದಿ ಉಳಿತೈತೇನು?"

ನಥಾನೇಲಪ್ಪ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ.

"ನನ್ನ ಮಗ ವೆಸ್ಲಿ ಕಲೀತೀನಿ ಅಂತಾನ. ಕಾಲೇಜ ಹುಡುಗ, ಗಿಟಾರ ಮೊದಲ ಬರತೈತಿ. ಅಂವ ಕಲಿತ್ರ ಊರೂರು ಬಾರಿಸ್ತಾನ, ನಾಕ ಮಂದಿಗೆ ಕಲಸ್ತಾನ. ಅಡಿಗಿ ಮನಿ ಎಡಚೀನ ನೋಡಿ ಯಾರ ಕಲೀತಾರ? ನೀ ಹೋದ ಮ್ಯಾಲೆ ನಿನ್ನ ಬಾರ್ಸೂದು ಮಣ್ಣಾಗ ಹೋಕ್ಕೈತಿ."

"ವೆಸ್ಲಿಗೆ ಬ್ಯಾಂಜೊ ಎಲ್ಲಿಂದ ತರ್ಲಿ? ನನ್ನ ಕೈ ಈಗೀಗ ನಡಗ್ತಾವ. ಇನ್ನೊಂದು ಮಾಡೂದು ಆಗೂದಿಲ್ಲ."

"ಪಾದ್ರಿ ಕೊಟ್ಟಿದ್ದು ಐತಲ್ಲ?"

ಮಿಸ್ತ್ರಿ ತಟ್ಟನೆ ತಲೆಯೆತ್ತಿದ. "ಅದನ್ನ ಕೇಳಬ್ಯಾಡ್ರಿ."

ನಥಾನೇಲಪ್ಪ ನನ್ನನ್ನು ನೋಡಿದ. "ಹಬ್ಬದ ದಿನ ಇದನ್ನ ಮೇಜಿನ ಮ್ಯಾಲೆ ಇಟ್ಟಬಿಡು. ಮುಂದಿಂದು ನಾ ನೋಡ್ಕೋತೀನಿ."

ನಾನು ಗೋಡೆಗೆ ಒರಗಿ ಎಲ್ಲ ಕೇಳುತ್ತಿದ್ದೆ. ಮಿಸ್ತ್ರಿ ಇಲ್ಲವೆನ್ನುತ್ತಾನೆ ಎಂದು ಕಾದೆ. ಅವನು ಒಂದು ಲಾಳಿಯನ್ನು ಎತ್ತಿಕೊಂಡು, ಕೆತ್ತಿ ಮುಗಿದಿದ್ದ ಅದನ್ನೇ ಮತ್ತೆ ಉಜ್ಜತೊಡಗಿದ.

ಎರಡು ದಿನ ಬಿಟ್ಟು ತಬಿತಾ ಬಂದು ನನ್ನನ್ನು ಮರಳಿ ಒಯ್ದಳು. ಹಬ್ಬದ ದಿನ ಊರಿಗೆಲ್ಲ ಊಟ. ರೊಟ್ಟಿಯ ಕೆಲಸ ತಬಿತಾಳದು. ಆರಾಧನೆಯ ಮೊದಲ ಭಾಗಕ್ಕೆ ಅವಳು ಬರಲಾರಳು. ಕೊನೆಯ ಕೀರ್ತನೆಗೆ ಬಂದು ಬಾರಿಸುವುದು ಎಂದು ಮಾತಾಗಿತ್ತು. ಬೆಳಿಗ್ಗೆ ಮಿಸ್ತ್ರಿ ಬಂದು, "ಕೊಡವ್ವಾ, ನಾ ಒಯ್ದು ಶ್ರುತಿ ಮಾಡಿ ಇಟ್ಟಿರ್ತೀನಿ" ಎಂದ. ಅವಳು ಕೈ ತೊಳೆದುಕೊಂಡು ನನ್ನನ್ನು ಕೊಟ್ಟಳು, ಮಗುವನ್ನು ಕೊಡುವ ಹಾಗೆ ಕುತ್ತಿಗೆಯ ಕೆಳಗೆ ಕೈಕೊಟ್ಟು.

ಅವನು ಶ್ರುತಿ ಮಾಡಲಿಲ್ಲ. ನೇರವಾಗಿ ನಡೆದು ಹೋಗಿ ನನ್ನನ್ನು ಕುಂಬಳಕಾಯಿಯ ಪಕ್ಕದಲ್ಲಿ ಮಲಗಿಸಿದ. ಪಾದ್ರಿಗಳು ಕಣ್ಣು ಮುಚ್ಚಿ ನಮ್ಮೆಲ್ಲರಿಗಾಗಿ ಪ್ರಾರ್ಥಿಸಿದರು. ಕೊನೆಯ ಕೀರ್ತನೆಯನ್ನು ಅವತ್ತು ಬೇಗ ಹಾಡಿ ಮುಗಿಸಿದರು.

ತಬಿತಾ ಓಡಿ ಬಂದಾಗ ಮೇಜು ಅಂಗಳಕ್ಕೆ ಬಂದಿತ್ತು. ಹುಂಜ ಹರಾಜಾಗಿ ಹೋಗಿತ್ತು, ಜನ ನಗುತ್ತಿದ್ದರು. ನಥಾನೇಲಪ್ಪ ನನ್ನನ್ನು ಎತ್ತಿ ಹಿಡಿದಿದ್ದ.

"ಅದು ನಂದ್ರೀ!" ಎಂದಳು ತಬಿತಾ. ಮೊಣಕೈವರೆಗೆ ಹಿಟ್ಟು.

"ಮೇಜಿನ ಮ್ಯಾಲೆ ಇಟ್ಟಿದ್ದು ಯಾರದೂ ಅಲ್ಲ ತಬಿತವ್ವ, ದೇವರದು. ನಿಂಗ ಗೊತ್ತಿಲ್ಲದ್ದೇನು?"

"ನಾ ಇಟ್ಟಿಲ್ರಿ ಹಿರ್ಯಾರ. ನಮ್ಮವ್ವನ ಮಗ್ಗದ ಕಟಗಿ ಅದು. ಕಾಕಾ, ಹೇಳ್ರಿ. ಶ್ರುತಿ ಮಾಡಾಕ ಒಯ್ದಿದ್ರಿ ನೀವು. ಹೇಳ್ರಲ್ಲ!"

ಎಲ್ಲರೂ ಮಿಸ್ತ್ರಿಯ ಕಡೆ ತಿರುಗಿದರು. ನಾನೂ ಅವನನ್ನೇ ನೋಡಿದೆ. ಒಂದು ಮಾತು ಸಾಕಾಗಿತ್ತು. ಮರೆತು ಇಟ್ಟೆ ಅಂದಿದ್ದರೂ ಸಭೆ ನಕ್ಕು ಬಿಟ್ಟುಕೊಡುತ್ತಿತ್ತೇನೋ.

"ಇಟ್ಟಿದ್ದು ಇಟ್ಟಂಗ ಆತವ್ವಾ" ಎಂದ ಮಿಸ್ತ್ರಿ, ನೆಲ ನೋಡಿಕೊಂಡು.

ವೆಸ್ಲಿ ಕೂಗಿದ. ತಬಿತಾಳೂ ಕೂಗಿದಳು. ವೆಸ್ಲಿ ಏರಿಸಿದ. ಅವಳು ಉಸಿರು ಎಳೆದುಕೊಂಡು, "ನನ್ನ ವರ್ಷದ ಪಗಾರ ಪೂರಾ" ಎಂದಳು. ನಥಾನೇಲಪ್ಪ ನಕ್ಕ. "ಪಗಾರ ಕೊಡಾವರು ಯಾರು? ಸಭಾದವರು. ಸಭಾದ ರೊಕ್ಕಾ ಸಭಾಕ್ಕ ಕೊಡಾಕಿ! ಅಷ್ಟು ದಿನ ಏನ ತಿಂತೀ, ನೀ ಮಾಡಿದ ರೊಟ್ಟಿ ನೀನ?" ಅಂಗಳದಲ್ಲಿ ನಗೆ ಎದ್ದಿತು. ಆ ನಗೆ ಇಳಿಯುವುದರೊಳಗೆ ವೆಸ್ಲಿ ಇನ್ನೊಂದು ಸಲ ಏರಿಸಿದ, ನಥಾನೇಲಪ್ಪ ಮೇಜು ಗುದ್ದಿದ. ತಬಿತಾ ತಿರುಗಿ ಅಡಿಗೆಮನೆಗೆ ಹೋದಳು. ಊರವರೆಲ್ಲ ಅವತ್ತು ಅವಳ ರೊಟ್ಟಿಯನ್ನೇ ಉಂಡರು. ಬಡಿಸಿದವಳು ಬೇರೆಯವಳು.

ಮರುದಿನ ಮಿಸ್ತ್ರಿ ನನ್ನನ್ನು ಹಲಗೆಗೆ ಬಿಗಿದ. ನನ್ನ ಐದನೆಯ ಬಿರಡೆಯನ್ನು ಕಿತ್ತು, ಆ ತೂತಿಗೆ ಬೆಣೆ ಹೊಡೆದು, ಅಂಟು ಹಾಕಿ, ಮೇಲೆ ನಯವಾಗಿ ಉಜ್ಜಿದ. ಎದುರು ಬದಿಯಲ್ಲಿ ಹೊಸ ತೂತು ಕೊರೆದ. ಬೈರಿಗೆ ಒಂದು ಕಡೆ ಜಾರಿತು. ನಾನು ತಬಿತಾಳ ಕೈಗಷ್ಟೇ ಎಂದು ಹೇಳಿದ್ದ ಬಾಯಿ ಈಗ ಮೊಳೆಗಳನ್ನು ಕಚ್ಚಿಕೊಂಡಿತ್ತು. ಬೇರೆ ಯಾರಾದರೂ ಕೊರೆದಿದ್ದರೆ ನೋವು ಇಷ್ಟೇ ಆಗುತ್ತಿತ್ತು. ನೋವು ನನಗೆ ಲೆಕ್ಕವಲ್ಲ. ಹುಟ್ಟಿಸಿದ ಕೈಗೆ ನನ್ನಲ್ಲಿ ಎಲ್ಲಿ ಏನಿದೆ ಎಂದು ಗೊತ್ತಿತ್ತು, ಗೊತ್ತಿದ್ದೇ ಕೊರೆಯಿತು.

ವೆಸ್ಲಿ ಕೆಟ್ಟ ಹುಡುಗನಲ್ಲ. ಹುರುಪಿನಿಂದ ಸುರುಮಾಡಿದ. ಆದರೆ ಸ್ವರದ ಗುರುತಿಗೆಂದು ನನ್ನ ಕುತ್ತಿಗೆಯ ಪಕ್ಕದಲ್ಲಿ ಕೂಡಿಸಿದ್ದ ಚುಕ್ಕೆಗಳು ಈಗ ನೆಲ ನೋಡುತ್ತಿದ್ದವು. ಅವನಿಗೆ ಜಾಗ ತಿಳಿಯುತ್ತಿರಲಿಲ್ಲ. ಹೊಸ ಬಿರಡೆಯಲ್ಲಿ ಶ್ರುತಿ ನಿಲ್ಲುತ್ತಿರಲಿಲ್ಲ. ಅವನು ಬಿಗಿದ, ಅದು ಜಾರಿತು, ಮತ್ತೆ ಬಿಗಿದ. ಒಂದು ಬೇಸಿಗೆಯಲ್ಲಿ ಹಳೆಯ ತೂತಿನಿಂದ ಹೊಸ ತೂತಿನವರೆಗೆ ಕೂದಲೆಳೆಯಂಥ ಬಿರುಕು ಬಿಟ್ಟಿತು. "ಇದರಾಗ ಏನೋ ಐಬ ಐತಿ ಅಪ್ಪಾ" ಎಂದ ವೆಸ್ಲಿ. ಅಷ್ಟರಲ್ಲಿ ಚರ್ಚಿಗೆ ಕೀಬೋರ್ಡು ಬಂದಿತ್ತು. ಅವನು ಅದರ ಮುಂದೆ ಕೂತ. ನಾನು ಸ್ವಲ್ಪ ಕಾಲ ನಥಾನೇಲಪ್ಪನ ಪಡಸಾಲೆಯ ಗೋಡೆಯ ಮೇಲೆ ಚಂದಕ್ಕೆ ತೂಗಿದೆ. ಬಣ್ಣ ಹೊಡೆಸುವಾಗ ಅಟ್ಟಕ್ಕೆ ಹೋದೆ. ಹಳೆಯ ಗಾದಿಗಳ ನಡುವೆ, ಇಲಿಗಳ ಸಂಗದಲ್ಲಿ ವರ್ಷಗಳು ಕಳೆದವು.

ನಥಾನೇಲಪ್ಪ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ನನ್ನನ್ನು ಮಿಸ್ತ್ರಿಯ ಅಂಗಡಿಗೆ ತಂದುಹಾಕಿದರು. ಮಿಸ್ತ್ರಿ ಹಣ್ಣಾಗಿದ್ದ. ಅವನ ಹತ್ತಿರ ಯಾರೂ ಕಲಿಯುತ್ತಿರಲಿಲ್ಲ. ಅವನು ನನ್ನ ಧೂಳು ಒರೆಸಿ, ಬಗಲಿಗೆ ಅವಚಿಕೊಂಡು, ಹಾಸ್ಟೆಲಿನ ಅಡಿಗೆಮನೆಗೆ ನಡೆದ. ತಬಿತಾಳ ಕೂದಲು ಬೆಳ್ಳಗಾಗಿತ್ತು. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು, ಎಡಗೈಯಲ್ಲಿ.

"ತಂಗಿ, ಇದನ್ನ ತೊಗೋ. ಬಿರಡಿ ಮತ್ತ ನಿನ್ನ ಕಡೆ ತಿರುವಿ ಕೊಡತೀನಿ. ಬಾರ್ಸೂದು ಕಲಿತಾಕಿ ನೀ ಒಬ್ಬಾಕಿನ."

ಅವಳು ಚಾಕು ಕೆಳಗಿಟ್ಟು ನನ್ನನ್ನು ತೆಗೆದುಕೊಂಡಳು. ನನ್ನ ಮೈಯೆಲ್ಲ ಆ ಕೈಗೆ ಕಾದಿತ್ತು. ಹೆಬ್ಬೆರಳು ತಾನಾಗಿ ಹಳೆಯ ಜಾಗಕ್ಕೆ ಬಂತು. ಅಲ್ಲಿ ಬೆಣೆಯ ಗುರುತು ಮಾತ್ರ. ಅವಳು ಅದನ್ನು ಸವರಿದಳು, ಬಿರುಕನ್ನೂ ಸವರಿದಳು.

"ಅವತ್ತ ಯಾಕ ಬಾಯಿ ಬಿಡಲಿಲ್ರೀ ಕಾಕಾ?"

"ನನ್ನ ವಿದ್ಯಾ ನಿಂದ್ರಲಿ ಅಂತ. ಅಂವ ಕಲಿತು ನಿಂದ್ರಸ್ತಾನ ಅಂತ ತಿಳದೆ."

"ನಿಂತತೇನ್ರಿ?"

ಮಿಸ್ತ್ರಿ ತಲೆ ಅಲ್ಲಾಡಿಸಿದ. ಒಲೆಯ ಮೇಲೆ ಬೇಳೆ ಉಕ್ಕಿತು. ಅವಳು ಎದ್ದು ಹೋಗಿ ಅದನ್ನು ಇಳಿಸಿ ಬಂದಳು.

"ಇದು ಇನ್ನೊಂದ ತೂತ ತಡಿಯೂದಿಲ್ಲ. ಬಿರಡಿ ತಿರುವೂದಿದ್ರ ನಿಮ್ಮದನ್ನ ತಿರುವ್ರಿ."

"ನಂದು?"

"ಪಾದ್ರಿ ಕೊಟ್ಟಿದ್ದು. ಅದಕ್ಕ ಕೊರೀರಿ. ತಂದ್ರ ಬಾರಿಸ್ತೀನಿ. ಇಲ್ಲಂದ್ರ ಇರ್ಲಿ ಬಿಡ್ರಿ, ಇಷ್ಟ ದಿನ ಇಲ್ದನ ಇದ್ದೀನಿ."

ಅವಳು ಮಿಸ್ತ್ರಿಗೆ ಕೊಟ್ಟ ಚಹಾ ಆರಿ ಹೋಯಿತು. ಆಮೇಲೆ ಎದ್ದು, ನನ್ನ ಕಡೆ ನೋಡದೆ ಹೋದ. ಬರುವುದಿಲ್ಲ ಎಂದು ನಾನು ತಿಳಿದೆ. ನಿಜ ಹೇಳುತ್ತೇನೆ, ಬಾರದಿರಲಿ ಎಂದೇ ಬಯಸಿದೆ. ಅವನು ಬಾರದಿದ್ದರೆ ಒಂದಲ್ಲ ಒಂದು ದಿನ ಅವಳು ನನ್ನನ್ನೇ ಎತ್ತಿಕೊಂಡಾಳು ಎಂಬ ಆಸೆ.

ಅವನು ಬಂದ. ಬಟ್ಟೆಯಲ್ಲಿ ಸುತ್ತಿದ ಪಾದ್ರಿಯ ಬ್ಯಾಂಜೊ ಅವನ ಕೈಯಲ್ಲಿತ್ತು. ಅದರ ಕುತ್ತಿಗೆಯ ಮೇಲೆ ಹೊಸ ಬೆಣೆ, ಎದುರು ಬದಿಯಲ್ಲಿ ಹೊಸ ಬಿರಡೆ. ಈ ಸಲ ಬೈರಿಗೆ ಜಾರಿರಲಿಲ್ಲ. ಅವನ ಕಣ್ಣು ಕೆಂಪಾಗಿದ್ದವು. ತಬಿತಾ ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ವಾದ್ಯವನ್ನು ತೊಡೆಗೆ ತೆಗೆದುಕೊಂಡು, ಒಂದೊಂದೇ ತಂತಿ ಬಡಿದು ನೋಡಿ, "ಬಿಗಿ ಐತಿ" ಎಂದಳು. ಅಷ್ಟೇ.

ಆ ವರ್ಷದ ಸುಗ್ಗಿ ಹಬ್ಬದಲ್ಲಿ ಅವಳು ಬಾರಿಸಿದಳು. ನಾನು ನೋಡಲಿಲ್ಲ. ಹಾಸ್ಟೆಲಿನ ಹುಡುಗಿಯರು ಅಡಿಗೆಮನೆಯಲ್ಲಿ ಹೇಳಿಕೊಂಡದ್ದನ್ನು ಕೇಳಿದೆ. ಮಿಸ್ತ್ರಿ ಮೇಜಿನ ಹತ್ತಿರ ಸುಳಿಯಲಿಲ್ಲವಂತೆ. ಬ್ಯಾಂಜೊವನ್ನು ಎದೆಗೆ ಅವಚಿ ಬಾಗಿಲಲ್ಲೇ ನಿಂತು, ಅವಳು ರೊಟ್ಟಿ ಮುಗಿಸಿ ಬರುವ ತನಕ ಯಾರ ಕೈಗೂ ಕೊಡಲಿಲ್ಲವಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ಮುಖ ತಿರುಗಿಸಿದನಂತೆ, ಆದರೆ ಅವನ ಕಾಲು ಕುಣಿಯುತ್ತಿದ್ದವಂತೆ. ಅವಳು ಬಾರಿಸಿ ಮುಗಿಸಿ, ಎಲ್ಲರ ಎದುರು ಸುಮ್ಮನೆ ಒಂದು ಗಳಿಗೆ ಕೂತಿದ್ದಳಂತೆ.

ನಾನು ಈಗ ಹಾಸ್ಟೆಲಿನ ಉಗ್ರಾಣದಲ್ಲಿ, ಬೇಳೆ ಡಬ್ಬಿಗಳ ಮೇಲಿನ ಹಲಗೆಯಲ್ಲಿದ್ದೇನೆ. ತಬಿತಾ ನನ್ನನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟಿದ್ದಾಳೆ. ತಾಯಿಯ ಮಗ್ಗದ ಮರವೆಂದು ಸೌದೆಗೆ ಹಾಕಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ ಎನ್ನಲಾರೆ. ಅವಳಿಗೆ ಬಾರಿಸಲು ವಾದ್ಯ ಬೇಕಿತ್ತು, ಮಿಸ್ತ್ರಿಗೆ ತನ್ನದನ್ನು ಕೊಟ್ಟು ನೋಯುವುದು ಬೇಕಿತ್ತು. ಎರಡೂ ಆದವು. ನ್ಯಾಯವೇ ಆಯಿತು. ನನ್ನನ್ನು ಬಿಟ್ಟು ಆಯಿತು. ಮಿಸ್ತ್ರಿಯ ದ್ರೋಹ ಅವನ ವಾದ್ಯದಿಂದ ತೀರಿತೆಂದು ಜನ ತಿಳಿದಿದ್ದಾರೆ; ನನ್ನ ಕುತ್ತಿಗೆಯ ಬಿರುಕಿಗೆ ಅದರಿಂದ ಏನೂ ಆಗಿಲ್ಲ.

ಮಧ್ಯಾಹ್ನಗಳಲ್ಲಿ ಅವಳು ಗೋಡೆಯ ಆಚೆ ಬಾರಿಸುತ್ತಾಳೆ. ಆ ಬ್ಯಾಂಜೊದ ದನಿ ನನ್ನದಕ್ಕಿಂತ ಗಡಸು, ಚೆನ್ನಾಗಿಯೇ ಇದೆ. ಕೇಳಬಾರದು ಎಂದುಕೊಳ್ಳುತ್ತೇನೆ. ಆದರೆ ಗೋಡೆ ತೆಳ್ಳಗಿದೆ, ನನ್ನಲ್ಲಿ ಇನ್ನೂ ಎರಡು ತಂತಿ ಉಳಿದಿವೆ. ಅವಳ ಕೈ ಇಳಿದಾಗಲೆಲ್ಲ, ಯಾರೂ ಮುಟ್ಟದೆಯೇ, ಅವು ಸೀರೆಯೊಳಗೆ ಸಣ್ಣಗೆ ನಡುಗುತ್ತವೆ. ನಾನು ತಡೆಯಲು ನೋಡಿದ್ದೇನೆ. ತಂತಿ ನನ್ನ ಮಾತು ಕೇಳುವುದಿಲ್ಲ.